ಪೈಪಿಲ್ಲದ ಟ್ಯಾಂಕು

ಮುಖದ ತುಂಬ ನೊರೆ ಬಳಿದುಕೊಂಡು ರೇಜರ್ ಎತ್ತುವ ಹೊತ್ತಿಗೆ ಸರಿಯಾಗಿ ನಲ್ಲಿ ಒಮ್ಮೆ ಕೆಮ್ಮಿ ನಿಂತುಹೋಯಿತು. ಸರ್ಕಾರದ ಕಾರ್ಯದರ್ಶಿಯಾಗಿ ಎಷ್ಟೋ ಮಂತ್ರಿಗಳನ್ನು ಸದನದ ಸುಳಿಯಿಂದ ದಡ ಸೇರಿಸಿ, ನಿವೃತ್ತರಾದ ಮೇಲೆ ವಿರೋಧ ಪಕ್ಷದ ಶಾಸಕರಾಗಿದ್ದ ದೊಡ್ಡಸಾಹೇಬರು ಆ ನೊರೆಮುಖದಲ್ಲೇ ಬಾಗಿಲು ತೆರೆದರೆ, ಬೀದಿಯವರೆಲ್ಲ ಖಾಲಿ ಕೊಡ ಹಿಡಿದು ಗೇಟಿನಲ್ಲಿ ನಿಂತಿದ್ದಾರೆ.

"ನಾವು ವೋಟು ಹಾಕಿದ್ದು ನೀರಿಗೆ ಸ್ವಾಮೀ, ನಿಮ್ಮ ಮುಖಕ್ಕಲ್ಲ" ಎಂದ ಎದುರುಮನೆಯ ದರ್ಜಿ. "ಅದೂ ಈ ಮುಖಕ್ಕೆ!"

"ಇವತ್ತು ಸದನಕ್ಕೆ ಬಂದು ನೋಡಯ್ಯ. ಆ ನೀರಿನ ಮಂತ್ರಿಗೆ ಹೇಗೆ ಬೆವರು ಹರಿಸ್ತೀನಿ ಅಂತ!"

"ಬೆವರು ಕಟ್ಕೊಂಡು ಏನ್ರೀ ಮಾಡೋದು? ನಲ್ಲೀಲಿ ನೀರು ಹರಿಸಿ ಸಾಕು" ಎಂದರು ಒಳಗಿನಿಂದ ಹೆಂಡತಿ.

ನೊರೆಯನ್ನು ಟವೆಲ್ಲಿನಿಂದಲೇ ಒರೆಸಿಕೊಂಡು ಸಾಹೇಬರು ಹೊರಟರು.

ಸದನದಲ್ಲಿ ಅವರ ಪ್ರಶ್ನೆ ಸಿಡಿಲಿನಂತೆ ಎರಗಿತು: "ನಮ್ಮ ಬೀದಿಗೆ ಅಂತ ಹೊಸ ಟ್ಯಾಂಕು ಕಟ್ಟಿಸಿದಿರಿ, ಉದ್ಘಾಟನೆಯನ್ನೂ ಮಾಡಿದಿರಿ. ಅದಕ್ಕೆ ನೀರು ತರೋ ಪೈಪೆಲ್ಲಿ?"

ನೀರು ಸರಬರಾಜು ಮಂತ್ರಿಗಳು ದಡಕ್ಕೆ ಬಿದ್ದ ಮೀನಿನಂತೆ ಬಾಯಿ ತೆರೆದು ಮುಚ್ಚಿದರು. ಅಧಿಕಾರಿಗಳತ್ತ ತಿರುಗಿದರೆ, ಅವರೆಲ್ಲ ಪೈಪು ಅಲ್ಲೇ ಇದೆಯೇನೋ ಎಂಬಂತೆ ಸೂರು ನೋಡುತ್ತಿದ್ದರು. ಮೇಲಿನ ಗ್ಯಾಲರಿಯಲ್ಲಿ ಚಪ್ಪಾಳೆಗೆ ಎದ್ದ ದರ್ಜಿಯನ್ನು ಕಾವಲಿನವನು ಎಳೆದು ಕೂರಿಸಿದ. ಸಾಹೇಬರ ಎದೆ ಉಬ್ಬಿತು. ಆದರೆ ದಿಕ್ಕೆಟ್ಟ ಮಂತ್ರಿಗಳ ಮುಖ ಕಂಡದ್ದೇ ಅವರೊಳಗೆ ಹಳೆಯದೇನೋ ಮಿಸುಕಿತು. ಜೇಬಿನ ಪೆನ್ನು ತಾನಾಗಿಯೇ ಕೈಗೆ ಬಂತು.

ಸ್ವಲ್ಪ ಹೊತ್ತಿಗೆ ಸದನದ ಜವಾನ ಮಂತ್ರಿಗಳಿಗೆ ಚೀಟಿಯೊಂದನ್ನು ತಂದಿತ್ತ. ಬಾಡಿದ ಮುಖ ಅರಳಿತು.

"ಪೈಪು ಹಾಕದಿರುವುದು ಲೋಪವಲ್ಲ, ಮುಂಜಾಗ್ರತೆ! ಟ್ಯಾಂಕಿನ ಭದ್ರತೆಯ ದೃಷ್ಟಿಯಿಂದ ಅದನ್ನು ಖಾಲಿ ಇಡಲಾಗಿದೆ. ತಜ್ಞರ ಸಮಿತಿಯ ವರದಿ ಬಂದ ಕೂಡಲೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು."

ಮೇಜುಗಳು ಗುಡುಗಿದವು. ಸಭಾಧ್ಯಕ್ಷರು ಮುಂದಿನ ಪ್ರಶ್ನೆಗೆ ಹೋದರು. ಸಾಹೇಬರು ಮಾತ್ರ ತೃಪ್ತಿಯಿಂದ ತಲೆದೂಗುತ್ತಲೇ ಇದ್ದರು.

"ಸೂಜಿ ತೂರಿಸೋಕೂ ಸಂದಿಲ್ಲದ ಉತ್ತರ! ಯಾವ ಪಾಪಿ ಸ್ವಾಮೀ ಬರೆದುಕೊಟ್ಟೋನು?" ಎಂದು ದರ್ಜಿ ಮೊಗಸಾಲೆಯಲ್ಲಿ ಹಲ್ಲು ಕಡಿಯುತ್ತಿದ್ದಾಗ, ಮಂತ್ರಿಗಳು ಓಡಿಬಂದು ಸಾಹೇಬರ ಎರಡೂ ಕೈ ಹಿಡಿದರು.

"ಪಕ್ಷ ಬೇರೆಯಾದ್ರೂ ನನ್ನ ಕೈಬಿಡಲಿಲ್ಲವಲ್ಲ ಸಾಹೇಬ್ರೇ! ಚೀಟೀಲಿ ನಿಮ್ಮ ಅಕ್ಷರ ಕಂಡ ಮೇಲೇ ನನಗೆ ಹೋದ ಜೀವ ಬಂದದ್ದು. ಆ ಸಮಿತಿಗೆ ಇನ್ನು ನೀವೇ ಅಧ್ಯಕ್ಷರು!"

ದರ್ಜಿ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ಅಳತೆ ತೆಗೆಯುವಂತೆ ನೋಡಿದ. ಈ ಸುದ್ದಿ ಹೊತ್ತು ಮೊದಲು ಬೀದಿ ಮುಟ್ಟಿದವನೂ ಅವನೇ.

ಸಂಜೆ ಕಿವಿಯ ಹಿಂದೆ ಒಣಗಿದ ನೊರೆಯನ್ನು ಕೆರೆದುಕೊಳ್ಳುತ್ತ ಸಾಹೇಬರು ಕೇಳಿದರು: "ಮುಖ ತೊಳ್ಕೋಬೇಕು ಕಣೇ, ಒಂದು ಚೊಂಬು ನೀರು ಕೊಡ್ತೀಯಾ?"

ಹೆಂಡತಿ ಇದ್ದ ಒಂದೇ ಬಕೆಟ್ಟಿನ ಮೇಲೆ ಮುಚ್ಚಳ ಎಳೆದರು.

"ಸಮಿತಿ ವರದಿ ಬರಲಿ, ಅಧ್ಯಕ್ಷರೇ. ಸೂಕ್ತ ಕ್ರಮ ಕೈಗೊಳ್ತೀನಿ."