ಹೆಂಡತಿ ಊಟ ಮಾಡುವುದನ್ನು ನೋಡಿದ್ದು

ಗಂಡಿಗೂ ಹೆಣ್ಣಿಗೂ ಏನು ವ್ಯತ್ಯಾಸ ಎಂದು ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಅದು ಜಾಣತನವಲ್ಲ, ಹೊಟ್ಟೆಪಾಡು. ಇಪ್ಪತ್ತಾರು ವರ್ಷಗಳಿಂದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದೇನೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈಗ ಸಿಂದಗಿ. ವರ್ಗವಾಗಿ ಹೋದಲ್ಲೆಲ್ಲ ಬೋರ್ಡಿನ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಗಂಡು, ಬಲಕ್ಕೆ ಹೆಣ್ಣು ಎಂದು ಬರೆದಿದ್ದೇನೆ. ವರ್ಣತಂತು, ಧ್ವನಿ, ಎಲುಬು, ಕೊನೆಗೆ ಹಿಮೋಗ್ಲೋಬಿನ್. ಗಂಡಿನಲ್ಲಿ ಹೆಚ್ಚು, ಹೆಣ್ಣಿನಲ್ಲಿ ಕೊಂಚ ಕಡಿಮೆ. ಕನ್ನೊಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಒಮ್ಮೆ, "ಸರ್, ಹೋರಿಗೂ ಆಕಳಿಗೂ ಹಿಂಗ ಇರತೈತೇನ್ರಿ?" ಎಂದು ಕೇಳಿದ್ದಳು. ಸಿಲೆಬಸ್ಸಿನಲ್ಲಿಲ್ಲ ಎಂದು ಕೂಡಿಸಿದ್ದೆ. ಅಥವಾ ಯಾರೂ ಕೇಳಿರಲಿಲ್ಲವೇನೋ. ಪ್ರಶ್ನೆ ನನಗೇ ಬಹಳ ತಡವಾಗಿ ಹೊಳೆದು, ಒಳ್ಳೆಯ ಶಿಷ್ಯೆಯೊಬ್ಬಳಿದ್ದರೆ ಮಾಸ್ತರನಿಗೂ ಮರ್ಯಾದೆ ಎಂದು ಅವಳ ಬಾಯಿಗೆ ಹಾಕಿರಬಹುದು. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಹಾಗಾಗಿ ಅದನ್ನು ನಂಬುವುದನ್ನು ಬಿಟ್ಟಿದ್ದೇನೆ.

ಈ ಬೇಸಿಗೆಯ ಕೊನೆಗೆ ನನ್ನ ಹೆಂಡತಿ ಗಿರಿಜಾಳ ಗರ್ಭಕೋಶದಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಆಪರೇಷನ್ ಮಾಡಿ ತೆಗೆಯಬೇಕಿತ್ತು. ದಿನ ಗೊತ್ತುಮಾಡಿಕೊಂಡು ಬರೋಣವೆಂದು ಹೋದರೆ ಡಾಕ್ಟರಮ್ಮ ರಕ್ತದ ವರದಿ ನೋಡಿ ಪೆನ್ನು ಕೆಳಗಿಟ್ಟರು. "ಇಷ್ಟು ಕಡಿಮಿ ರಕ್ತ ಇಟಗೊಂಡು ನಾ ಇವರನ್ನ ಟೇಬಲ್ ಮ್ಯಾಲೆ ಮಲಗಸಂಗಿಲ್ರಿ. ಜೀವಕ್ಕ ಅಪಾಯ ಐತಿ." ನಾನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. "ಹೆಣ್ಣಮಕ್ಕಳಿಗೆ ಸ್ವಲ್ಪ ಕಡಿಮಿನ ಇರತೈತಲ್ರಿ ಡಾಕ್ಟರ್. ನಾನೂ ಬಯಾಲಜಿಯಂವ" ಅಂದೆ. ಅವರು ನನ್ನನ್ನು ಒಂದು ಸಲ ನೋಡಿದರು. "ಸ್ವಲ್ಪ ಕಡಿಮಿ ಇರತೈತ್ರಿ ಸರ್, ಇಷ್ಟಲ್ಲ. ಗಡ್ಡಿಯಿಂದ ರಕ್ತ ಹೋಗಾಕತ್ತೈತಿ, ಖರೆ. ಹೋಗಿದ್ದು ತುಂಬಬೇಕಲ್ಲ? ದಿನಾ ಏನು ಊಟ ಮಾಡ್ತಾರ?" ನಾನು ಉತ್ಸಾಹದಿಂದ ಹೇಳಿದೆ: ಬಿಸಿ ರೊಟ್ಟಿ, ಮೆಂತ್ಯದ ಪಲ್ಯ, ಇಲ್ಲವೇ ಮಡಕಿ ಕಾಳು, ಶೇಂಗಾ ಹಿಂಡಿ, ಗಟ್ಟಿ ಮೊಸರು. ಪೂರ್ತಿ ಕೇಳಿಸಿಕೊಂಡು ಅವರು, "ಅದು ನಿಮ್ಮ ಊಟ ಆತು. ನಾ ಇವರದು ಕೇಳಿದೆ" ಎಂದರು. ನಾನು ಗಿರಿಜಾಳ ಕಡೆ ತಿರುಗಿದೆ. ಅವಳು ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುತ್ತಿದ್ದಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಊಟ ಮಾಡುವುದನ್ನು ನಾನು ನೋಡಿಯೇ ಇಲ್ಲ ಎಂಬ ಸಂಗತಿ ನನಗೆ ತಿಳಿದದ್ದು ಅಲ್ಲಿ, ಡಾಕ್ಟರಮ್ಮನ ಎದುರಿನ ಸ್ಟೂಲಿನ ಮೇಲೆ. ಮದುವೆ ಮನೆಗಳಲ್ಲಿ ನೋಡಿರಬೇಕು ಅನ್ನಿ. ಅಲ್ಲೂ ಹೆಂಗಸರ ಪಂಕ್ತಿ ಕೂರುವ ಹೊತ್ತಿಗೆ ನಾವು ಗಂಡಸರು ಹೊರಗೆ ಎಲೆಅಡಿಕೆ ಹಾಕುತ್ತಿರುತ್ತೇವೆ.

ಮಾತ್ರೆ ಕೊಟ್ಟು, ಆರು ವಾರ ಬಿಟ್ಟು ಬರಲು ಹೇಳಿದರು. ಅಷ್ಟರೊಳಗೆ ರಕ್ತ ಏರದಿದ್ದರೆ ತಮ್ಮ ಕೈಯಲ್ಲೇನೂ ಇಲ್ಲ ಎಂಬಂತೆ ತಲೆಯಾಡಿಸಿದರು. ಮರುದಿನ ನಾನು ಊಟ ಮುಗಿಸಿ ಎದ್ದು ಹೋಗದೆ ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಗಿರಿಜಾ ಕಡೆಯ ಹಿಟ್ಟಿನಲ್ಲಿ ಅಂಗೈಯಗಲದ ರೊಟ್ಟಿ ಬಡಿದು, ಪಲ್ಯದ ಬೋಗಾಣಿಯ ತಳಕ್ಕೆ ಅದನ್ನು ಒರೆಸಿ, ಗೋಡೆಗೆ ಮುಖ ಮಾಡಿ ಕುಳಿತು ತಿನ್ನತೊಡಗಿದಳು. ಎರಡು ತುತ್ತು ಆದ ಮೇಲೆ ನಿಲ್ಲಿಸಿದಳು. "ಹಿಂಗ ಎದಿ ಮ್ಯಾಲೆ ನಿಂತ್ರ ನನಗ ಗಂಟಲದಾಗ ಇಳಿಯಂಗಿಲ್ರಿ. ಇದೇನು ಪರೀಕ್ಷಾ ಹಾಲೇನು?" ನಿಜಕ್ಕೂ ನನ್ನ ಕೈಗಳು ಬೆನ್ನ ಹಿಂದೆ, ಕಾಪಿ ಹಿಡಿಯುವ ಭಂಗಿಯಲ್ಲೇ ಇದ್ದವು.

ಆ ಕ್ಷಣದಲ್ಲಿ ನಾನು ಸುಧಾರಕನಾದೆ. ಇನ್ನು ಮೇಲೆ ಗಿರಿಜಾ ಮೊದಲು ಊಟ ಮಾಡಬೇಕು, ಆಮೇಲೆ ಉಳಿದವರು ಎಂದು ಸಾರಿದೆ. ಹೇಳಿದ ಮೇಲೆ ತೊಡಕು ಕಾಣಿಸಿತು. ನಮ್ಮ ಕಡೆ ಜೋಳದ ರೊಟ್ಟಿ ಹಂಚಿನಿಂದ ಇಳಿದು ನೇರ ತಾಟಿಗೆ ಬೀಳಬೇಕು. ಬಡಿಯುವವರು ಉಣ್ಣುವಂತಿಲ್ಲ, ಉಣ್ಣುವವರು ಬಡಿಯುವಂತಿಲ್ಲ. ಒಣಗಿಸಿದ ಕಟಕ ರೊಟ್ಟಿ ಅಂಗಡಿಯಿಂದ ತಂದಿಡಬಹುದಿತ್ತು, ಆದರೆ ನನ್ನ ಎಡಗಡೆಯ ಎರಡು ದವಡೆಹಲ್ಲು ಸಮಾಜಸುಧಾರಣೆಗೆ ಒಪ್ಪಲಿಲ್ಲ. ಹಾಗಾಗಿ ನಾನೇ ಬಡಿಯಲು ಕುಳಿತೆ. ಮೊದಲನೆಯದು ಕೈಯಲ್ಲೇ ಒಡೆಯಿತು, ಎರಡನೆಯದು ಹಂಚಿಗೆ ಅಂಟಿ ಮನೆತುಂಬ ಹೊಗೆಯಾಯಿತು. ಎಂಬತ್ತು ದಾಟಿದ ನನ್ನ ಅವ್ವ ಹೊಸ್ತಿಲ ಮೇಲೆ ಕುಳಿತು ಇದೆಲ್ಲವನ್ನೂ ತೀರ್ಪುಗಾರಳಂತೆ ನೋಡುತ್ತಿದ್ದಳು. "ಗಿರಿಜಾ, ಅವನ ರೊಟ್ಟಿ ತಿನಬ್ಯಾಡವಾ. ಇದ್ದ ರಕ್ತಾನೂ ಹೋದೀತು" ಅಂದಳು. ಗಿರಿಜಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಗಡ್ಡೆಯ ಸುದ್ದಿ ತಿಳಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ಆದ್ದರಿಂದ ಆ ರೊಟ್ಟಿಗಳು ಪೂರ್ತಿ ವ್ಯರ್ಥವಾದವು ಎನ್ನಲಾರೆ.

ಅವ್ವನನ್ನು ಕೇಳಿದೆ, "ಅವ್ವಾ, ನೀ ಯಾವಾಗ ಊಟ ಮಾಡ್ತಿದ್ದಿ?" ನನ್ನ ತಲೆಯಲ್ಲಿ ಒಂದು ಚಂದದ ಚಿತ್ರವಿತ್ತು: ಒಲೆಯ ಸುತ್ತ ನಾವೆಲ್ಲ, ನಡುವೆ ಅವ್ವ, ಎಲ್ಲರೂ ಕೂಡಿ ಉಣ್ಣುವುದು. ಈಗ ಕಣ್ಣು ಮುಚ್ಚಿ ಆ ಚಿತ್ರವನ್ನು ಹತ್ತಿರದಿಂದ ನೋಡಿದರೆ ಅವ್ವನ ಕೈ ಕಾಣುತ್ತದೆ, ರೊಟ್ಟಿ ನೀಡುವ ಕೈ. ಅವಳ ಮುಂದೆ ತಾಟು ಕಾಣುವುದಿಲ್ಲ. ಅವ್ವ, "ನಿಮ್ಮಪ್ಪ ತಾಳಿಕೋಟಿ ಸಂತಿಗೆ ಹೋದ ದಿನ, ಹೊಟ್ಟಿ ತುಂಬ" ಎಂದಳು. ದೂರಿನ ಧ್ವನಿಯಲ್ಲಲ್ಲ. ಒಳ್ಳೆಯ ದಿನಗಳನ್ನು ನೆನೆಯುವ ಧ್ವನಿಯಲ್ಲಿ. ಎರಡು ತಲೆಮಾರಿನ ರಕ್ತದ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ನಿಸರ್ಗದ ಹೆಸರಿಗೆ ಬರೆದಿದ್ದೆ. ನಿಸರ್ಗದ್ದೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಎಲ್ಲಿ ಮುಗಿದು ಅಡುಗೆಮನೆ ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ಎಳೆಯಲು ನನ್ನ ಬಳಿ ಸೀಮೆಸುಣ್ಣವಿಲ್ಲ.

ಕೊನೆಗೆ ಒಂದು ರಾಜಿಯಾಯಿತು. ಗಿರಿಜಾ ಎಲ್ಲ ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿಡುವುದು, ಆಮೇಲೆ ಮೂವರೂ ಒಟ್ಟಿಗೆ ಕೂರುವುದು. ನನಗೆ ಬಿಸಿ ರೊಟ್ಟಿ ತಪ್ಪಿತು. ಈ ತ್ಯಾಗವನ್ನು ಸ್ಟಾಫ್ ರೂಮಿನಲ್ಲಿ, ಕಿಡ್ನಿ ದಾನ ಮಾಡಿದವನ ಗಾಂಭೀರ್ಯದಲ್ಲಿ, ನಾಲ್ಕೈದು ಸಲ ಹೇಳಿದೆ. ಮೊದಮೊದಲು ಗಿರಿಜಾ ನಾಚಿಕೊಂಡು ತಿನ್ನುತ್ತಿದ್ದಳು, ಯಾರದೋ ಮನೆಗೆ ಊಟಕ್ಕೆ ಬಂದವಳಂತೆ. ಮೂರನೆಯ ವಾರದ ಹೊತ್ತಿಗೆ ರೊಟ್ಟಿಯನ್ನು ಪಟಪಟನೆ ಮುರಿಯತೊಡಗಿದಳು. ಅವಳಿಗೆ ಹಸಿ ಉಳ್ಳಾಗಡ್ಡಿ ಅಷ್ಟು ಇಷ್ಟವೆಂದು ನನಗೆ ಗೊತ್ತಿರಲಿಲ್ಲ.

ಆರು ವಾರದ ನಂತರ ಡಾಕ್ಟರಮ್ಮ ವರದಿ ನೋಡಿ ಪೆನ್ನು ಎತ್ತಿಕೊಂಡರು. "ಈಗ ಮಾಡಬಹುದ್ರಿ. ಬರೋ ಸೋಮವಾರ ಬರ್ರಿ. ಅಲ್ಲೀತನಕ ಇಳೀಬಾರದು, ನೋಡ್ರಿ ಮತ್ತ." ನಾನು ಗೆದ್ದವನಂತೆ ಮನೆಗೆ ಬಂದೆ. ಆ ಮಧ್ಯಾಹ್ನ ಮಡಕಿ ಕಾಳಿನ ಪಲ್ಯ ಚೆನ್ನಾಗಿ ಕೂಡಿಬಂದಿತ್ತು. ಈ ಆರು ವಾರ ಹೆದರಿಕೆಯಿಂದ ಎರಡನೆಯ ಸಲ ಬಡಿಸಿಕೊಂಡಿರಲಿಲ್ಲ. ಇನ್ನೇನು, ಪಾಸಾಯಿತಲ್ಲ ಎಂದು ಕೇಳಿದೆ, "ಇನ್ನಷ್ಟು ಪಲ್ಯ ಐತೇನು?" ಗಿರಿಜಾ ತಲೆಯೆತ್ತದೆ, "ಇಲ್ಲ" ಅಂದಳು. ಬೋಗಾಣಿ ನಮ್ಮಿಬ್ಬರ ನಡುವೆಯೇ ಇತ್ತು. ಅದರಲ್ಲಿ ಒಂದೂವರೆ ಸೌಟು ಪಲ್ಯ ಕಣ್ಣಿಗೇ ಕಾಣುತ್ತಿತ್ತು. "ಅದು?" ಅಂದೆ. ಉತ್ತರ ಕೊಟ್ಟವಳು ಅವ್ವ. "ಅದು ಆಕಿದು."

ಮೂವತ್ತೊಂದು ವರ್ಷ ನಾನು ಕೇಳಿದಾಗಲೆಲ್ಲ ಅವಳು, "ಐತ್ರಿ, ಹಾಕಲೇನು?" ಎಂದೇ ಅಂದಿದ್ದಳು. ಒಮ್ಮೆಯೂ ಇಲ್ಲ ಅಂದಿರಲಿಲ್ಲ. ಆ ಪಲ್ಯ ಯಾರದಿತ್ತು ಎಂಬುದು ಈಗ ಲೆಕ್ಕಕ್ಕೆ ಸಿಕ್ಕಿತು. ಇಲ್ಲಿ ನಾನು ಕಣ್ಣು ತುಂಬಿಕೊಂಡೆ, ಅಥವಾ ಮನಸಾರೆ ನಕ್ಕೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಇನ್ನು ಹತ್ತು ವರ್ಷಕ್ಕೆ ನನ್ನ ನೆನಪು ಹಾಗೆಯೇ ಹೇಳಲೂಬಹುದು. ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ: ನಾನು ಸಿಟ್ಟಾದೆ. ಒಂದು ಸೌಟು ಹಾಕಿದ್ದರೆ ಏನಾಗುತ್ತಿತ್ತು ಎಂದುಕೊಂಡು, ಉಳಿದ ರೊಟ್ಟಿಯನ್ನು ಶೇಂಗಾ ಹಿಂಡಿಯ ಪುಡಿ ಹಚ್ಚಿಕೊಂಡು ಮುಗಿಸಿ, ನೀರು ಕುಡಿದು, ಕಾಲೇಜಿಗೆ ಹೊರಟೆ. ಬಸ್ ಸ್ಟ್ಯಾಂಡ್ ದಾಟಿದ ಮೇಲೆ, ನನ್ನ ಎಂಜಲು ತಾಟನ್ನು ಎಂದಿನಂತೆ ಅವಳು ಎತ್ತಲೆಂದು ಅಲ್ಲಿಯೇ ಬಿಟ್ಟು ಬಂದದ್ದು ನೆನಪಾಯಿತು.