ಕಂದೀಲಿನ ಗಾಜೂ ನನ್ನ ಚಹಾದ ವ್ರತವೂ

ಗಾಜು ಊದುವವನು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಸಾಲುಗಟ್ಟಿ ಬರುತ್ತವೆ. ಸ್ವದೇಶಿಯ ಕಾವಿನಲ್ಲಿ ಪುಣೆಯ ಹೊರಗೊಂದು ಗಾಜಿನ ಕಾರ್ಖಾನೆ ತೆರೆದಾಗ ನಾನು ಸೇರಿಕೊಂಡೆ. ನಮ್ಮ ಪಡಸಾಲೆಯ ಕಂದೀಲಿಗೆ ಪರದೇಶದ ಗಾಜು ತೆಗೆದು ನಾನೇ ಊದಿದ್ದನ್ನು ಹಾಕುವವರೆಗೆ ಚಹಾ ಮುಟ್ಟುವುದಿಲ್ಲವೆಂದು ಅಜ್ಜಿಯೆದುರು ಪಣ ತೊಟ್ಟೆ. ಚಹಾ ಎಂದರೆ ನನಗೆ ಜೀವ. ಧಾರವಾಡದಿಂದ ಬಂದ ಅಜ್ಜಿ ನಗಲೂ ಇಲ್ಲ. "ನೋಡೂಣಂತ" ಅಂದಳು.

೧. ಕೊಳವೆಯ ಮಡಿ

ಕಲಿಸಲು ಬಂದವರು ಡೆನ್ಮಾರ್ಕಿನ ಸಾಹೇಬರು. ಕುಲುಮೆಯಿಂದ ಕರಗಿದ ಗಾಜನ್ನು ಕಬ್ಬಿಣದ ಕೊಳವೆಯ ತುದಿಗೆ ಸುತ್ತಿ, ಒಮ್ಮೆ ಊದಿ, ನನಗೆ ಕೊಟ್ಟರು. ಇನ್ನೊಬ್ಬರ ಬಾಯಿ ತಗುಲಿದ್ದು! ನಾನು ನೀರು ತಂದು, ಬಾಯಿಡುವ ತುದಿ ತೊಳೆದು, ಧೋತರದ ಅಂಚಿನಿಂದ ಒರೆಸುವಷ್ಟರಲ್ಲಿ ಗಾಜು ಕಲ್ಲಾಗಿತ್ತು.

"ಇದೇ ಕೊಳವೆಯಲ್ಲಿ ನಮ್ಮಜ್ಜ ಊದಿದ, ಅಪ್ಪ ಊದಿದ, ನಾನೂ ಊದಿದೆ" ಎಂದರು ಸಾಹೇಬರು ಮುರುಕು ಮರಾಠಿಯಲ್ಲಿ.

"ಅವರೆಲ್ಲ ನಿಮ್ಮ ಮನಿ ಮಂದಿ ಅಲ್ಲೇನ್ರಿ, ನಾ ಹೊರಗಿನಾವ" ಎಂದು ನಾನೂ ಮರಾಠಿಯಲ್ಲೇ ತಿಳಿಹೇಳಿದೆ.

ಮರುದಿನದಿಂದ ಎಲ್ಲರಿಗೂ ಬೇರೆ ಬೇರೆ ಕೊಳವೆ. ಗುರುತಿಗೆಂದು ಕೆಲವರು ನಾಮ ಬಳಿದರು, ಕೆಲವರು ವಿಭೂತಿ ಹಚ್ಚಿದರು. ಮಧ್ಯಾಹ್ನದೊಳಗೆ ಕುಲುಮೆಯ ಕಾವಿಗೆ ನಾಮವೂ ಇಲ್ಲ, ವಿಭೂತಿಯೂ ಇಲ್ಲ, ಕೊಳವೆಗಳೆಲ್ಲ ಒಂದೇ ಮತದವಾಗಿದ್ದವು.

೨. ಶಂಖದ ಉಸಿರು

ಮನೆಯ ಪೂಜೆಗೆ ಶಂಖ ಊದಿ ಬೆಳೆದವನು ನಾನು. ಅದೇ ಜೋರಿನಲ್ಲಿ ಊದಿದೆ. ಗಾಜು ಕುಂಬಳಕಾಯಿಯಷ್ಟು ಉಬ್ಬಿ ಢಬ್ಬೆಂದಿತು.

"ಮೆಲ್ಲಗೆ" ಎಂದರು ಸಾಹೇಬರು. "ಬಿಸಿ ಚಹಾ ಆರಿಸುವ ಹಾಗೆ."

"ನಾ ಚಹಾ ಬಿಟ್ಟೀನ್ರಿ."

ಸಾಹೇಬರು ತಮಗೇ ಒಂದು ಕಪ್ಪು ಚಹಾ ತರಿಸಿ ನನ್ನ ಮುಂದೆ ಹಿಡಿದರು. ನಾನು ಊದಬೇಕು, ಅವರು ಕುಡಿಯಬೇಕು. ದಿನಕ್ಕೆ ಆರು ಸಲ, ನಾಲ್ಕು ತಿಂಗಳು. ಆ ಪರಿಮಳಕ್ಕೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಹಟ ಬಿಡಲಿಲ್ಲ. ನನಗೆ ಉಸಿರು ಹದಕ್ಕೆ ಬಂತು, ಅವರಿಗೆ ನಿದ್ದೆ ಬರುವುದು ನಿಂತಿತು.

೩. ಅಜ್ಜಿಯ ತೀರ್ಪು

ಮೊದಲ ಗಾಜು ನೆಟ್ಟಗೆ ಬಂದ ಖುಷಿಗೆ, ಬಿಸಿ ಗಾಜು ಮೆಲ್ಲಗೆ ಆರಲೆಂದು ಇಡುವ ಗೂಡಿನಿಂದ ಅವಸರದಲ್ಲಿ ತೆಗೆದು ಮನೆಗೆ ಓಡಿದೆ. ಹೊಸ್ತಿಲಲ್ಲೇ ತಾನಾಗಿ ಸೀಳಿತು.

"ನಿನ್ನಂಗ ಅದಕ್ಕೂ ತಾಳ್ಮಿ ಇಲ್ಲ" ಅಂದಳು ಅಜ್ಜಿ.

ಎರಡನೆಯದನ್ನು ಗೂಡಿನಲ್ಲಿ ಮೂರು ದಿನ ಆರಿಸಿದೆ. ತುಸು ಸೊಟ್ಟಗಿದ್ದರೂ ಗಟ್ಟಿಯಾಗಿತ್ತು. ಅಜ್ಜಿ ಮುಟ್ಟಲಿಲ್ಲ.

"ಬಾಯಿಲೆ ಊದಿದ್ದಲ್ಲೇನೋ? ಎಂಜಲು."

"ಇಷ್ಟು ವರ್ಷ ಹಚ್ಚಿದ ಗಾಜೂ ಯಾರೋ ಊದಿದ್ದ ಅಲ್ಲೇನ ಅಜ್ಜಿ?"

"ಅವ ಯಾರೋ ನನಗ ಗೊತ್ತಿಲ್ಲ. ನಿನ್ನ ಬಾಯಿ ನನಗ ಭಾಳ ಛಲೋ ಗೊತ್ತದ."

ನನ್ನ ಮುಖ ಸಣ್ಣದಾಯಿತು. ಅದನ್ನು ಕಂಡ ಅಜ್ಜಿ, ಬೆಂಕಿಯಲ್ಲಿ ಹಾದು ಬಂದದ್ದಕ್ಕೆ ಎಂಜಲಿಲ್ಲವೆಂದು ತಾನೇ ತೀರ್ಪು ಕೊಟ್ಟು, ಹಳೆಯ ಗಾಜು ತೆಗೆದು ನನ್ನದನ್ನು ಏರಿಸಿದಳು. ಸಂಜೆಯ ದೀಪ ಹತ್ತಿತು. ಪಣ ಗೆದ್ದಿದ್ದೆ.

ಒಳಗಿಂದ ಅವಳೇ ಹಬೆಯಾಡುವ ಚಹಾ ತಂದಳು. ಎರಡೂ ಕೈ ಚಾಚಿ ತಗೊಂಡೆ, ಹದವಾಗಿ ಊದಿ ಆರಿಸಿದೆ, ನಾಲ್ಕು ತಿಂಗಳ ರೂಢಿಯಂತೆ ಎದುರಿಗಿದ್ದವರ ಕೈಗೆ ಕೊಟ್ಟುಬಿಟ್ಟೆ.

ಅಜ್ಜಿ ಕಪ್ಪು ನೋಡಿದಳು, ನನ್ನ ಬಾಯಿ ನೋಡಿದಳು, ಉರಿಯುವ ಕಂದೀಲು ನೋಡಿದಳು. ಆಮೇಲೆ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟಳು.

"ಛಲೋ ಆರಿಸೀದಿ" ಅಂದಳು. "ಹಾಲು ತೀರ್ಯದ. ನಿನಗ ನಾಳೆ."