ಹತ್ತರಲ್ಲಿ ಒಂದು ಇಲಿ

ಅಳುವ ಮಗು ಎದುರಿಗೆ ಬಂದರೆ ಮುಖ ಆಚೆ ತಿರುಗಿಸಿಕೊಳ್ಳಬೇಕು. ಗಂಟಣ್ಣ ತಿರುಗಿಸಿಕೊಳ್ಳಲಿಲ್ಲ. ಆ ದಿನದ ರಾಮಾಯಣವೆಲ್ಲ ಶುರುವಾದದ್ದು ಅಲ್ಲಿಂದ.

ಅವನು ಆಸ್ಪತ್ರೆಯ ಬಟ್ಟೆ ಕೋಣೆಯವನು. ಆಪರೇಷನ್ನಿಗೆ ಬೇಕಾಗುವ ಹಸಿರು ಬಟ್ಟೆಗಳು, ಒಂದೊಂದೂ ದೊಡ್ಡ ಕರವಸ್ತ್ರದಷ್ಟು, ಅವನ ಕೈ ದಾಟಿಯೇ ಹೋಗಬೇಕು. ಒಗೆದು ಬಂದದ್ದನ್ನು ಹತ್ತು ಹತ್ತು ಎಣಿಸಿ ಗಂಟು ಕಟ್ಟಿ, ಹಬೆ ಪೆಟ್ಟಿಗೆಯಲ್ಲಿ ಬೇಯಿಸಿ ಕಳಿಸುವುದು ಅವನ ಕೆಲಸ. ಅದಕ್ಕೇ ಆ ಅಡ್ಡಹೆಸರು. ಇಪ್ಪತ್ತೆರಡು ವರ್ಷದಲ್ಲಿ ಅವನ ಗಂಟಿನಲ್ಲಿ ಒಂಬತ್ತೂ ಬಂದದ್ದಿಲ್ಲ, ಹನ್ನೊಂದೂ ಬಂದದ್ದಿಲ್ಲ. ಹಾಗಾಗಿ ಆಪರೇಷನ್ ಕೋಣೆಯಲ್ಲಿ ಗಂಟು ಬಿಚ್ಚುವಾಗ ಯಾರೂ ಎಣಿಸುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಒಮ್ಮೆ ಎಣಿಸಿ, ಹತ್ತು ಬಂದರೆ ರೋಗಿಯ ಹೊಟ್ಟೆಯಲ್ಲಿ ಏನೂ ಉಳಿದಿಲ್ಲ ಎಂದು ನಿಶ್ಚಿಂತೆಯಾಗುತ್ತಿದ್ದರು.

ಇದನ್ನೆಲ್ಲ ಜನ ಅವನ ಶ್ರದ್ಧೆ ಎಂದುಕೊಂಡಿದ್ದರು. ನಿಜವಾಗಿ ಅದು ಹೆದರಿಕೆ. ಗಂಟಣ್ಣ ಬಾಗಿಲು ಕಿರ್ರೆಂದರೂ ಬೆಚ್ಚುವ ಆಸಾಮಿ. ಹೆದರಿಕೆಗೆ ಮೂರು ಮೂರು ಸಲ ಎಣಿಸುತ್ತಿದ್ದ.

ಆ ದಿನ ಹೆದರಲು ಹೆಚ್ಚಿನ ಕಾರಣವೂ ಇತ್ತು. ಹನ್ನೊಂದು ಗಂಟೆಗೆ ಆಪರೇಷನ್ ಆಗಬೇಕಾಗಿದ್ದದ್ದು ಅವನ ಹೆಂಡತಿಯ ಅಣ್ಣನಿಗೆ. ಪಿತ್ತಕೋಶದಲ್ಲಿ ಕಲ್ಲು. ಹೆಂಡತಿ ಬೆಳಿಗ್ಗೆಯೇ ಬಂದು, ಆಪರೇಷನ್ ಕೋಣೆಯ ಎದುರಿನ ಬೆಂಚಿನ ಮೇಲೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಗಂಟು ಕಟ್ಟೋದು ನೀವೇ ತಾನೆ?" ಎಂದು ಕೇಳಿದ್ದಳು. "ಸರಿಯಾಗಿ ಕಟ್ಟಿ. ನಮ್ಮಣ್ಣನಿಗೆ ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ನಿಮ್ಮ ಗಂಟುಮೂಟೆ ನಾನು ಕಟ್ತೀನಿ."

ಗಂಟಣ್ಣ ಕೋಣೆಗೆ ಬಂದು ಎರಡು ಗಂಟಿಗಾಗುವಷ್ಟು ಬಟ್ಟೆಯನ್ನು ಮೇಜಿನ ಮೇಲೆ ಪೇರಿಸಿ, ಇವತ್ತಿಗೊಂದು ರಾಶಿ, ನಾಳೆಗೊಂದು ರಾಶಿ ಎಂದು ಎಣಿಸಿ ಮುಗಿಸಿದ್ದ. ಅಷ್ಟರಲ್ಲಿ ಹೊರಗೆ ಪ್ರಳಯವಾದಂತೆ ಕಿರುಚಾಟ. ಮಕ್ಕಳ ವಾರ್ಡಿನ ಆಯಾ ಐದು ವರ್ಷದ ಒಂದು ಹುಡುಗಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬರುತ್ತಿದ್ದಳು. ಹುಡುಗಿಯ ಒಂದು ಕಾಲಿಗೆ ಪ್ಲಾಸ್ಟರ್. ಇನ್ನೊಂದು ಕಾಲಿನಿಂದ ಆಯಾಳನ್ನು ಒದೆಯಲು ನೋಡುತ್ತಿದ್ದಳು.

"ಪಟ್ಟಿ ಬದಲಾಯಿಸ್ಬೇಕು ಅಂದಿದ್ದಕ್ಕೆ ಈ ರಂಪ," ಎಂದು ಆಯಾ ಬಾಗಿಲಲ್ಲೇ ಕುರ್ಚಿ ನಿಲ್ಲಿಸಿದಳು. "ಗಂಟಣ್ಣ, ಏನಾದ್ರೂ ಮಾಡಪ್ಪ, ನನ್ನ ಕಿವಿ ತೂತು ಬಿತ್ತು."

ಗಂಟಣ್ಣನಿಗೆ ಬರುತ್ತಿದ್ದ ಒಂದೇ ವಿದ್ಯೆ ಬಟ್ಟೆ ಮಡಚುವುದು. ಕೈಗೆ ಸಿಕ್ಕ ಒಂದು ಹಸಿರು ಬಟ್ಟೆ ಎಳೆದ. ಮೂಲೆಗೆ ಮೂಲೆ ಕೂಡಿಸಿ ತ್ರಿಕೋನ ಮಾಡಿದ. ಎರಡು ತುದಿಗಳನ್ನು ನಡುವಿಗೆ ಮಡಚಿ, ಕೆಳಗಿನಿಂದ ಚಾಪೆಯಂತೆ ಸುತ್ತುತ್ತ ಬಂದು, ತಿರುವಿ ಹಾಕಿ, ಸುರುಳಿಯನ್ನು ಒಳಗಿನಿಂದ ಹೊರಕ್ಕೆ ಮಗುಚುತ್ತ ಹೋದ. ಮೂರನೇ ಸಲಕ್ಕೆ ಎರಡು ತುದಿ ಹೊರಬಂದವು. ಒಂದನ್ನು ಬಾಲವೆಂದು ಬಿಟ್ಟು, ಇನ್ನೊಂದಕ್ಕೆ ಗಂಟು ಹಾಕಿ ಕಿವಿ ಎಬ್ಬಿಸಿದ. ಅಂಗೈಯಲ್ಲಿ ಮಲಗಿಸಿ ಬೆರಳಿನಿಂದ ಮೀಟಿದರೆ ಇಲಿ ಮೊಣಕೈವರೆಗೆ ಚಂಗನೆ ಹಾರಿತು.

ಹುಡುಗಿಯ ಬಾಯಿ ಮುಚ್ಚಿತು. ಇಲಿಯನ್ನು ಎದೆಗೆ ಅವಚಿಕೊಂಡು ರಾಣಿಯ ಹಾಗೆ ಪಟ್ಟಿ ಕೋಣೆಗೆ ಹೋದಳು. ಅದೇ ಹೊತ್ತಿಗೆ ಆಪರೇಷನ್ ಕೋಣೆಯ ಕಡೆಯಿಂದ ದೊಡ್ಡ ಸಿಸ್ಟರ್ ದನಿ ಕೇಳಿಸಿತು: "ಗಂಟು ಎಲ್ರೀ?" ಗಂಟಣ್ಣ ಗಡಬಡಿಸಿ ಒಂದು ಗಂಟು ಕಟ್ಟಿ ಹಬೆ ಪೆಟ್ಟಿಗೆಗೆ ಹಾಕಿದ.

ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಆಪರೇಷನ್ ಕೋಣೆಯ ಚಿಕ್ಕ ಸಿಸ್ಟರ್ ಓಡಿಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಗಂಟಣ್ಣ, ಬಟ್ಟೆ ಒಂಬತ್ತೇ ಇದೆ! ಡಾಕ್ಟ್ರು ಕರೀತಿದಾರೆ!"

ಗಂಟಣ್ಣನ ಎದೆ ಧಸಕ್ಕೆಂದಿತು. ಇಲಿ! ಹತ್ತರಲ್ಲಿ ಒಂದನ್ನು ಎಳೆದು ಇಲಿ ಮಾಡಿ, ಉಳಿದ ಒಂಬತ್ತನ್ನೇ ಗಂಟು ಕಟ್ಟಿ ಕಳಿಸಿದ್ದಾನೆ ಪುಣ್ಯಾತ್ಮ. ಆಪರೇಷನ್ ಕೋಣೆಯ ತನಕ ಅವನು ನಡೆದು ಹೋದನೋ ತೇಲಿ ಹೋದನೋ ಅವನಿಗೇ ತಿಳಿಯಲಿಲ್ಲ.

ಒಳಗೆ ಭಾವ ಹೊಲಿಗೆ ಹಾಕಿಸಿಕೊಂಡು ಮತ್ತಿನಲ್ಲಿ ಮಲಗಿದ್ದ. ಡಾಕ್ಟರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಒಂದೇ ಪ್ರಶ್ನೆ. ನಿಮ್ಮ ಗಂಟಲ್ಲಿ ಎಷ್ಟಿತ್ತು?"

ಒಂಬತ್ತು ಎಂದರೆ ಕೆಲಸ ಹೋಯಿತು. ಇಪ್ಪತ್ತೆರಡು ವರ್ಷದ ಮರ್ಯಾದೆ ಹೋಯಿತು. ಹೊರಗೆ ಬೆಂಚಿನ ಮೇಲೆ ಹೆಂಡತಿ ಇದ್ದಾಳೆ.

"ಹತ್ತು ಸರ್," ಎಂದ ಗಂಟಣ್ಣ. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. "ಹತ್ತೇ ಇತ್ತು."

"ನಿಮ್ಮ ಮಾತು ನಂಬ್ತೀನಿ," ಎಂದರು ಡಾಕ್ಟರು. "ಹಾಗಾದ್ರೆ ಒಂದು ಒಳಗೇ ಉಳ್ಕೊಂಡಿದೆ. ಬಟ್ಟೆ ಎಕ್ಸ್‌ರೇಲಿ ಕಾಣಲ್ಲ. ಅರ್ಧ ಗಂಟೆ ಎಲ್ಲಾ ಕಡೆ ಹುಡುಕಿ. ಸಿಗಲಿಲ್ಲ ಅಂದ್ರೆ ಮತ್ತೆ ಹೊಟ್ಟೆ ಬಿಚ್ಚಿ ನೋಡ್ತೀನಿ."

ಗಂಟಣ್ಣನಿಗೆ ಜೀವ ಬಾಯಿಗೆ ಬಂತು. ನಿಜ ಹೇಳಿದರೆ ತನ್ನ ಹೊಟ್ಟೆಯ ಮೇಲೆ ಹೊಡೆತ, ಹೇಳದಿದ್ದರೆ ಭಾವನ ಹೊಟ್ಟೆಯ ಮೇಲೆ ಕತ್ತಿ. ಉಳಿದದ್ದು ಒಂದೇ ದಾರಿ. ಅರ್ಧ ಗಂಟೆಯೊಳಗೆ ಇಲಿ ಹಿಡಿಯಬೇಕು.

ಹೊರಗೆ ಬಂದರೆ ಹೆಂಡತಿ ಎದ್ದು ನಿಂತಳು. "ಯಾಕ್ರೀ ಹೀಗೆ ಬೆವರ್ತಿದ್ದೀರಿ? ಅಣ್ಣ ಹೇಗಿದ್ದಾನೆ?"

"ಚೆನ್ನಾಗಿದಾನೆ. ಒಳಗೆ ಸೆಖೆ."

"ಸುಳ್ಳು. ನೀವು ಕಿವಿ ಮುಟ್ಕೊಂಡ್ರೆ ಸುಳ್ಳು ಹೇಳ್ತಿದ್ದೀರಿ ಅಂತ ಅರ್ಥ."

ಗಂಟಣ್ಣ ಕಿವಿಯಿಂದ ಕೈ ತೆಗೆದು ಓಡಿದ.

ಮಕ್ಕಳ ವಾರ್ಡಿನಲ್ಲಿ ಆರು ಹಾಸಿಗೆ. ಪ್ಲಾಸ್ಟರಿನ ಹುಡುಗಿ ಕೊನೆಯ ಹಾಸಿಗೆಯಲ್ಲಿ ದಿಂಬಿನ ಮೇಲೆ ಕೈಯಿಟ್ಟುಕೊಂಡು ಕಾವಲು ಕೂತಿದ್ದಳು.

"ಪುಟ್ಟಾ, ಇಲಿ ಎಲ್ಲಿ?"

"ಮಲಗಿದೆ. ಈಗ ನೋಡೋ ಹೊತ್ತಲ್ಲ. ಸಂಜೆ ಬನ್ನಿ," ಎಂದಳು ಹುಡುಗಿ, ಥೇಟ್ ದೊಡ್ಡ ಸಿಸ್ಟರ್ ಗತ್ತಿನಲ್ಲಿ.

"ಒಂದೇ ನಿಮಿಷ ಕೊಡಮ್ಮ, ಆಮೇಲೆ ವಾಪಸ್ ತಂದುಕೊಡ್ತೀನಿ."

ಹುಡುಗಿಯ ಕೆಳದುಟಿ ನಡುಗಿತು. ಆಯಾ ಪೊರಕೆ ಹಿಡಿದುಕೊಂಡೇ ಬಂದಳು. "ಏನು ಗಂಟಣ್ಣ ಇದು, ಕೊಟ್ಟಿದ್ದನ್ನ ಯಾರಾದ್ರೂ ಕಿತ್ಕೊಳ್ತಾರಾ? ಈಗಷ್ಟೇ ಸುಮ್ಮನಾಗಿದೆ ಮಗು." ಪಕ್ಕದ ಹಾಸಿಗೆಯ ಮಗುವಿನ ತಾಯಿ, "ನಾಚಿಕೆ ಆಗಲ್ವಾ?" ಎಂದಳು. ಅದರಾಚೆಯವಳು, "ದೊಡ್ಡವರಿಗೆ ದೂರು ಕೊಡಿ," ಎಂದು ಸಲಹೆ ಕೊಟ್ಟಳು. ದೂರು ಎಂಬ ಮಾತಿಗೆ ಗಂಟಣ್ಣ ಬಾಗಿಲ ಕಡೆ ತಿರುಗಿ ನೋಡಿದ. ಗೋಡೆ ಗಡಿಯಾರದಲ್ಲಿ ಎಂಟು ನಿಮಿಷ ಆಗಲೇ ಹೋಗಿತ್ತು.

"ನೋಡು ಪುಟ್ಟಾ," ಎಂದ ಬಗ್ಗಿ, "ಇಲಿಗೆ ಹೊಟ್ಟೆನೋವು. ಡಾಕ್ಟ್ರು ಆಪರೇಷನ್ ಮಾಡ್ಬೇಕಂತೆ."

ಹುಡುಗಿ ಯೋಚಿಸಿದಳು. "ಆಗಲ್ಲ. ಅದು ಈಗ ಬಿಸ್ಕತ್ತು ತಿಂದಿದೆ. ತಿಂದವರಿಗೆ ಆಪರೇಷನ್ ಮಾಡಲ್ಲ."

ಹದಿನೈದು ದಿನ ಆಸ್ಪತ್ರೆಯಲ್ಲಿದ್ದ ಮಗುವಿನ ಹತ್ತಿರ ವೈದ್ಯಶಾಸ್ತ್ರ ಮಾತಾಡಬಾರದು ಎಂದು ಗಂಟಣ್ಣನಿಗೆ ಅರ್ಥವಾಯಿತು. ಕಿಟಕಿಯ ಪಕ್ಕದಲ್ಲಿ ವಾರ್ಡಿನ ಟವಲುಗಳು ಒಣಗುತ್ತಿದ್ದವು. ಒಂದನ್ನು ಎಳೆದು, ಎರಡು ಮೂಲೆ ಹಿಡಿದು ಸುತ್ತಿ ಮಡಚಿ ಮೊಲ ಮಾಡಿದ. ಅವಸರದಲ್ಲಿ ಮೊಲಕ್ಕೆ ಮೂರು ಕಿವಿ ಬಂದವು.

"ಇಲಿ ಕೊಟ್ರೆ ಮೊಲ."

"ಮೂರು ಕಿವಿ ಇದೆ," ಎಂದಳು ಹುಡುಗಿ.

"ಚೆನ್ನಾಗಿ ಕೇಳಿಸಲಿ ಅಂತ."

ಹುಡುಗಿ ಒಪ್ಪಿಕೊಳ್ಳುವಷ್ಟರಲ್ಲಿ ಉಳಿದ ಐದು ಹಾಸಿಗೆಯಿಂದಲೂ ಕೂಗೆದ್ದಿತು. ನನಗೂ ಮೊಲ! ನನಗೆ ಬಾತುಕೋಳಿ! ನನಗೆ ಆನೆ! ಬಾಗಿಲಿಗೆ ಅಡ್ಡವಾಗಿ ನಿಂತ ಆಯಾ, "ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ರೆ ರಾತ್ರಿಯೆಲ್ಲಾ ಯಾರು ಸಂಭಾಳಿಸೋದು? ಎಲ್ರಿಗೂ ಮಾಡಿಕೊಟ್ಟೇ ಹೋಗು," ಎಂದು ತೀರ್ಪು ಕೊಟ್ಟಳು. ಗಂಟಣ್ಣ ಅಳುವುದೊಂದು ಬಾಕಿ. ಟವಲಿನಲ್ಲಿ ಎರಡು ಮೊಲ, ದಿಂಬಿನ ಚೀಲದಲ್ಲಿ ಒಂದು ಬಾತುಕೋಳಿ, ಒಂದು ಗೊಂಬೆ ಆಯಿತು. ಆನೆಗೆ ಹೊತ್ತಿರಲಿಲ್ಲ. ಬೆಡ್‌ಶೀಟನ್ನು ಉಂಡೆ ಮಾಡಿ ಒಂದು ಮೂಲೆ ಎಳೆದು, "ಇದು ಮಲಗಿದ ಆನೆ," ಎಂದು ಇಲಿಯನ್ನು ಕಿತ್ತುಕೊಂಡು ಓಡಿದ.

ಮೆಟ್ಟಿಲ ಕೆಳಗೆ ನಿಂತು ಇಲಿಯ ಕಿವಿ ಬಿಚ್ಚಿದ, ಬಾಲ ಬಿಚ್ಚಿದ. ಕೊಡವಿ, ರಕ್ತದ ಕಲೆಯಂತೆ ಕಾಣಲೆಂದು ಮೂಲೆಯಲ್ಲಿದ್ದ ಕೆಂಪು ಔಷಧದ ಶೀಸೆಯಿಂದ ನಾಲ್ಕು ಹನಿ ಸುರಿದು ಹಿಂಡಿ, ಅಂಗಿಯೊಳಗೆ ಸೇರಿಸಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಹೆಜ್ಜೆಗೊಮ್ಮೆ ಎದೆ ಮುಟ್ಟಿ ನೋಡಿಕೊಳ್ಳುತ್ತ ನಡೆದ.

ಆಪರೇಷನ್ ಕೋಣೆಯಲ್ಲಿ ದೊಡ್ಡ ಸಿಸ್ಟರ್, ಚಿಕ್ಕ ಸಿಸ್ಟರ್ ಇಬ್ಬರೂ ನೆಲದ ಮೇಲೆ ಮಂಡಿಯೂರಿ ಹುಡುಕುತ್ತಿದ್ದರು. ಡಾಕ್ಟರು ಕೈತೊಳೆದು ಹೊಸ ಗವಸು ಹಾಕಿಕೊಳ್ಳುತ್ತಿದ್ದರು. ಗಂಟಣ್ಣ ಔಷಧದ ಗಾಡಿಯ ಕೆಳಗೆ ತೂರಿ, ಕಣ್ಣು ಮುಚ್ಚಿ ಕೂಗಿದ: "ಸಿಕ್ತು ಸರ್!"

"ಅಲ್ಲಿ ನಾನು ಎರಡು ಸಲ ನೋಡಿದ್ದೆ!" ಎಂದಳು ಚಿಕ್ಕ ಸಿಸ್ಟರ್.

"ಮೂರನೇ ಸಲ ನೋಡ್ಬೇಕಿತ್ತು," ಎಂದರು ದೊಡ್ಡ ಸಿಸ್ಟರ್. ಬಟ್ಟೆಯನ್ನು ಬಿಡಿಸಿ ಹಿಡಿದು ಹುಬ್ಬು ಗಂಟಿಕ್ಕಿದರು. "ಇದೇನು ಬಿಸ್ಕತ್ತಿನ ಚೂರು? ಆಪರೇಷನ್ ಕೋಣೇಲಿ ಬಿಸ್ಕತ್ತು ತಿಂತೀಯಾ?"

ಚಿಕ್ಕ ಸಿಸ್ಟರ್ ಗೊಳೋ ಎಂದು ಅತ್ತಳು. ಗಂಟಣ್ಣನಿಗೆ ಕರುಳು ಚುರುಕ್ಕೆಂದಿತು. ಆದರೂ ಬಾಯಿ ಬಿಡಲು ಧೈರ್ಯ ಬರಲಿಲ್ಲ.

ಡಾಕ್ಟರು ಗವಸು ಕಳಚಿ ನಕ್ಕರು. "ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು!"

"ಯಾವ ಇಲಿ ಸರ್?" ಎಂದು ಗಂಟಣ್ಣ ಚೀರಿದ.

"ಗಾದೆ ಕಣ್ರೀ. ಹೋಗಿ, ನೀರು ಕುಡಿದು ಸುಧಾರಿಸ್ಕೊಳ್ಳಿ."

ಭಾವನನ್ನು ವಾರ್ಡಿಗೆ ಸಾಗಿಸಿದರು. ಸುದ್ದಿ ಬೆಂಚಿಗೂ ಮುಟ್ಟಿತ್ತು. ಹೆಂಡತಿ ಮದುವೆಯಾದ ಮೇಲೆ ಎರಡನೆಯ ಬಾರಿಗೋ ಏನೋ ಅವನತ್ತ ಮೆಚ್ಚುಗೆಯಿಂದ ನೋಡಿದಳು. "ನೀವು ಇಲ್ದಿದ್ರೆ ನಮ್ಮಣ್ಣನ್ನ ಸುಮ್ಮನೆ ಎರಡನೇ ಸಲ ಕೊಯ್ದುಬಿಡ್ತಿದ್ರು," ಎಂದು ಪಕ್ಕದವರಿಗೂ ಕೇಳುವಂತೆ ಹೇಳಿದಳು. ಗಂಟಣ್ಣ ಗಾಳಿಯಲ್ಲಿ ತೇಲುತ್ತ ಬಟ್ಟೆ ಕೋಣೆಗೆ ಬಂದು ಕುರ್ಚಿಯಲ್ಲಿ ಕುಸಿದ. ಇನ್ನು ಜನ್ಮದಲ್ಲಿ ಮಕ್ಕಳತ್ತ ನೋಡುವುದಿಲ್ಲ ಎಂದುಕೊಂಡ.

ಮೇಜಿನ ಮೇಲೆ ನಾಳೆಯ ಬಟ್ಟೆ ಹಾಗೇ ಇತ್ತು. ಕೈ ಸುಮ್ಮನಿರಲಾರದೆ ಎಣಿಸಿದ. ಒಂಬತ್ತು.

ಕಣ್ಣುಜ್ಜಿಕೊಂಡು ಮತ್ತೆ ಎಣಿಸಿದ. ಒಂಬತ್ತು. ನೆಲ ನೋಡಿದ, ಮೇಜಿನ ಹಿಂದೆ ನೋಡಿದ, ಅಂಗಿಯೊಳಗೂ ಕೈ ಹಾಕಿ ನೋಡಿದ. ಐದನೇ ಸಲ ಎಣಿಸುವಾಗ ಬೆರಳು ಅಲ್ಲೇ ನಿಂತಿತು. ಬೆಳಿಗ್ಗೆ ಇಲಿಗೆಂದು ಎಳೆದದ್ದು ಈ ರಾಶಿಯಿಂದ. ಗಡಿಬಿಡಿಯಲ್ಲಿ ಗಂಟು ಕಟ್ಟಿ ಕಳಿಸಿದ್ದು ಆ ಇನ್ನೊಂದು ರಾಶಿಯನ್ನು. ಅದರಲ್ಲಿ ಹತ್ತೂ ಇತ್ತು. ಸುಳ್ಳೆಂದುಕೊಂಡು ಡಾಕ್ಟರಿಗೆ ಹೇಳಿದ್ದು ಅಪ್ಪಟ ಸತ್ಯವಾಗಿತ್ತು. ನಿಜವಾಗಿ ಕಾಣೆಯಾದ ಬಟ್ಟೆ ಇನ್ನೂ ಸಿಕ್ಕಿಲ್ಲ. ಅದು ಎಲ್ಲಿದೆ ಎಂದು ತಿಳಿಯಲು ಇಡೀ ಊರು ಹುಡುಕಬೇಕಾಗಿರಲಿಲ್ಲ.

ಗಂಟಣ್ಣನಿಗೆ ಹುಟ್ಟಿದಾಗಿನಿಂದ ಆದ ಹೆದರಿಕೆಗಳನ್ನೆಲ್ಲ ಕೂಡಿಸಿದರೂ ಈ ಒಂದಕ್ಕೆ ಸಮನಾಗುತ್ತಿರಲಿಲ್ಲ. ಕಪಾಟಿನಲ್ಲಿ ಹೊಸ ಬಟ್ಟೆಗಳಿದ್ದವು. ಒಂದನ್ನು ತೆಗೆದು ಈ ಒಂಬತ್ತಕ್ಕೆ ಸೇರಿಸಿದರೆ ಹತ್ತು. ಯಾರಿಗೂ ಗೊತ್ತಾಗುವುದಿಲ್ಲ. ಕೈ ಕಪಾಟಿನವರೆಗೂ ಹೋಯಿತು, ಸುಳ್ಳೇಕೆ. ಆದರೆ ಮತ್ತಿನಲ್ಲಿ ಬಾಯಿ ಅರ್ಧ ತೆರೆದು ಮಲಗಿದ್ದ ಭಾವನ ಮುಖ ಕಣ್ಣಮುಂದೆ ಬಂತು. ಈ ಕೆಲಸಕ್ಕೆ ಸೇರಿಸಿದವನೇ ಅವನು. ಮೊದಲ ದಿನ, "ಹೆದರ್ಬೇಡ ಕಣೋ, ನಾನಿದೀನಿ," ಎಂದು ಬೆನ್ನು ತಟ್ಟಿ ಬಾಗಿಲವರೆಗೂ ಬಂದು ಬಿಟ್ಟುಹೋಗಿದ್ದ. ಗಂಟಣ್ಣನಿಗೆ ಕಣ್ಣಲ್ಲಿ ನೀರು ಬಂತು. ಕಪಾಟಿನ ಬಾಗಿಲು ಮುಚ್ಚಿ ಓಡಿದ.

ಡಾಕ್ಟರ ಕೋಣೆಗೆ ಹೋಗಲು ಆ ಬೆಂಚನ್ನು ದಾಟಿಯೇ ಹೋಗಬೇಕು. ಹೆಂಡತಿ ಸುತ್ತ ನಾಲ್ಕು ಜನರನ್ನು ಕೂಡಿಸಿಕೊಂಡು ಗಂಡನ ಗುಣಗಾನ ಮಾಡುತ್ತಿದ್ದಳು.

"ಇಗೋ, ಇವರೇ ನಮ್ಮನೆಯವರು!" ಎಂದಳು. "ಎಲ್ಲಿಗ್ರೀ ಮತ್ತೆ ಓಟ? ಬಟ್ಟೆ ಸಿಕ್ತಲ್ಲ?"

ಗಂಟಣ್ಣನ ಕೈ ಕಿವಿಯ ಹತ್ತಿರ ಹೋಗಲೇ ಇಲ್ಲ.

"ಸಿಕ್ಕಿದ್ದು ಬೇರೇದು ಕಣೇ," ಎಂದ. "ನಿಮ್ಮಣ್ಣಂದು ಒಳಗೇ ಇದೆ."

ಹೆಂಡತಿ ಕೈಚೀಲವನ್ನು ಬೆಂಚಿನ ಮೇಲಿಟ್ಟು ನಿಧಾನವಾಗಿ ಎದ್ದಳು. ಗಂಟಣ್ಣ ಡಾಕ್ಟರ ಕೋಣೆಗೆ ನುಗ್ಗಿ ಒಳಗಿನಿಂದ ಚಿಲಕ ಹಾಕಿಕೊಂಡ. ಆ ಗಳಿಗೆಯಲ್ಲಿ ಇಡೀ ಆಸ್ಪತ್ರೆಯಲ್ಲಿ ಅವನಿಗೆ ಎಲ್ಲರಿಗಿಂತ ಕಡಿಮೆ ಭಯವಿದ್ದದ್ದು ಡಾಕ್ಟರದ್ದೇ.